ಕೈಚೀಲದಲ್ಲಿ ಹೆಂಡತಿ

ಊರಿನ ಅರ್ಧ ಜನರನ್ನು ನಗಿಸಿದವನು ನಾನು. ಆದರೆ ನನ್ನ ಮನೆಯಲ್ಲಿ ಮಾತ್ರ ನಾನು ನಗೆಪಾಟಲಾದದ್ದೇ ಹೆಚ್ಚು. ನನ್ನದು ಫೋಟೋ ಸ್ಟುಡಿಯೋ. ಹದಿನೈದು ವರ್ಷಗಳಿಂದ ಜನರನ್ನು ಸ್ಟೂಲಿನ ಮೇಲೆ ಕೂರಿಸಿ "ಗಲ್ಲ ಸ್ವಲ್ಪ ಮೇಲೆ, ಭುಜ ಕೆಳಗೆ, ಈಗ ನಗಿ" ಎನ್ನುತ್ತಾ ಬಂದಿದ್ದೇನೆ. ಮದುವೆಯಾಗಲಿರುವವರು, ಆಗಿ ಯೋಚನೆಗೆ ಬಿದ್ದವರು, ಹಲ್ಲು ಕೀಳಿಸಿಕೊಂಡು ನೇರವಾಗಿ ನನ್ನಲ್ಲಿಗೇ ಬಂದವರು, ಎಲ್ಲರೂ ಆ ಒಂದು ಮಾತಿಗೆ ನಕ್ಕಿದ್ದಾರೆ. ಹಾಗಾಗಿ ಮುಖಗಳ ವಿಷಯದಲ್ಲಿ ನನಗೆ ಸ್ವಲ್ಪ ಅಹಂಕಾರವಿತ್ತು. (ಇತ್ತು ಎಂದಿದ್ದೇನೆ, ಗಮನಿಸಿ.)

ನನ್ನ ಹೆಂಡತಿ ಹೆರಿಗೆ ವಾರ್ಡಿನ ನರ್ಸು. ಊರೆಲ್ಲ ಅವಳನ್ನು ಸಿಸ್ಟರ್ ಎನ್ನುತ್ತದೆ. ಹಾಗೆ ಕರೆದು ಬಚಾವಾಗುವ ಪುಣ್ಯ ಇಲ್ಲದವನು ನಾನೊಬ್ಬನೇ. ಮೂರು ವರ್ಷ ಅರ್ಜಿ ಹಾಕಿ, ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು, ಕೊನೆಗೂ ಹೊರದೇಶದ ದೊಡ್ಡ ಆಸ್ಪತ್ರೆಯೊಂದರಿಂದ ಅವಳಿಗೆ ಕೆಲಸದ ಕಾಗದ ಬಂದಾಗ ನಮ್ಮ ಮಗಳಿಗೆ ಆರು ತಿಂಗಳು. ಕಾಗದದ ಕೊನೆಯಲ್ಲಿ ಒಂದು ಷರತ್ತಿತ್ತು. ಮೊದಲ ಐದು ತಿಂಗಳು ನರ್ಸುಗಳ ಹಾಸ್ಟೆಲಿನಲ್ಲಿ ಒಬ್ಬಳೇ ಇರಬೇಕು. ಆಮೇಲೆ ಮನೆ ಕೊಡುತ್ತಾರೆ, ಆಗ ಗಂಡನನ್ನೂ ಮಗುವನ್ನೂ ಕರೆಸಿಕೊಳ್ಳಬಹುದು.

"ಐದು ತಿಂಗಳು ಕಣ್ರೀ. ಅಷ್ಟರಲ್ಲಿ ಇವಳು ನನ್ನ ಮುಖಾನೇ ಮರ್ತುಬಿಡ್ತಾಳೆ," ಎಂದಳು ಹೆಂಡತಿ.

"ಮರೆಯೋಕೆ ನಾನು ಬಿಡ್ತೀನಾ? ನಾನು ಯಾರು ಗೊತ್ತಲ್ಲ?"

"ಗೊತ್ತು. ಒಲೆ ಮೇಲೆ ಹಾಲಿಟ್ಟು ಮರೆಯೋರು."

"ಹಾಲು ಬೇರೆ, ಮುಖ ಬೇರೆ. ಮುಖ ನನ್ನ ಕಸುಬು. ನೀನು ಬಾ ಅಂದ ದಿನ ಕರ್ಕೊಂಡು ಬರ್ತೀನಿ. ನಿನ್ನ ನೋಡಿದ ತಕ್ಷಣ ಹಾರಿ ಬರದಿದ್ರೆ ಕೇಳು."

ಅವಳು ನಂಬಿದಳೋ ಇಲ್ಲವೋ, ಹೊರಟಳು. ಅವಳು ಹೋದ ದಿನ ನಾನು ಅತ್ತೆ. (ಇದು ಕ್ರಿಯಾಪದ. ನನಗೆ ನೆರವಾಗಲು ಬಂದಿದ್ದ ನನ್ನ ಅತ್ತೆ ಅಂದು ಅಳಲಿಲ್ಲ. ಅವರು ಮಗುವಿನ ಬಟ್ಟೆ ಒಗೆಯುತ್ತಿದ್ದರು.)

ಫೋನಿನಲ್ಲಿ ಮುಖ ತೋರಿಸಿದರಾಯಿತಲ್ಲ ಎಂದು ನೀವು ಕೇಳಬಹುದು. ಪ್ರಯತ್ನಿಸಿದೆವು. ಅವಳ ಹಾಸ್ಟೆಲಿನ ನೆಟ್‌ವರ್ಕಿಗೆ ಚಿತ್ರ ಹೊರುವ ತ್ರಾಣ ಇರಲಿಲ್ಲ. ಮೊದಲ ದಿನವೇ ಅವಳ ಮುಖ ಬಾಯಿ ತೆರೆದು, ಒಂದು ಕಣ್ಣು ಅರ್ಧ ಮುಚ್ಚಿ, ಹಾಗೇ ನಿಂತುಬಿಟ್ಟಿತು. ಅಂಥ ಫೋಟೋ ನನ್ನ ಸ್ಟುಡಿಯೋದಲ್ಲಿ ತೆಗೆದಿದ್ದರೆ ಗಿರಾಕಿ ಸ್ಟೂಲನ್ನೇ ಎತ್ತುತ್ತಿದ್ದ. ಮಗು ಹೆದರಿ ಕಿರುಚಿತು. ಅಂದಿನಿಂದ ದಿನಾ ಸಂಜೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಫೋನನ್ನು ಸ್ಪೀಕರಿಗೆ ಹಾಕಿ, ಅರ್ಧ ಗಂಟೆ ಬರೀ ಮಾತು. ಮಗಳೊಂದಿಗೆ ಮಾತಾಡಲು ಹೋದರೆ ಹೆಂಡತಿಯ ಗಂಟಲು ಕಟ್ಟುತ್ತಿತ್ತು. ಹಾಗಾಗಿ ಎರಡು ನಿಮಿಷಕ್ಕೇ ನನ್ನ ಕಡೆ ತಿರುಗುತ್ತಿದ್ದಳು. ನನ್ನನ್ನು ಬೈಯುವಾಗ ಅವಳ ಗಂಟಲು ಯಾವತ್ತೂ ಕಟ್ಟಿದ್ದಿಲ್ಲ.

ಆದರೆ ದನಿ ಮುಖವಾಗುವುದಿಲ್ಲ ಎಂಬುದು ನನ್ನ ಅಚಲ ಸಿದ್ಧಾಂತ. ಸ್ಟುಡಿಯೋದಲ್ಲಿ ಅವಳದೊಂದು ಒಳ್ಳೆಯ ಫೋಟೋ ಇತ್ತು. ಉದ್ದ ಜಡೆ ಭುಜದ ಮೇಲೆ, ಬಾಯಿ ತುಂಬ ನಗು. (ಮದುವೆಯಾದ ಹೊಸತರಲ್ಲಿ ತೆಗೆದದ್ದು ಎಂದು ಬೇರೆ ಹೇಳಬೇಕಾಗಿಲ್ಲ.) ಅದನ್ನು ಆಳೆತ್ತರಕ್ಕೆ ಹಿಗ್ಗಿಸಿ, ದಪ್ಪ ರಟ್ಟಿಗೆ ಅಂಟಿಸಿ, ಅಂಚು ಕತ್ತರಿಸಿ, ಹಿಂದೊಂದು ಕೋಲು ಆನಿಸಿ ನಡುಮನೆಯಲ್ಲಿ ನಿಲ್ಲಿಸಿದೆ. ಸಾಮಾನ್ಯವಾಗಿ ಚುನಾವಣೆಗೆ ನಿಂತವರಿಗಷ್ಟೇ ದಕ್ಕುವ ಕಟೌಟ್ ಭಾಗ್ಯ ಒಬ್ಬ ನರ್ಸಿಗೆ ಪ್ರಾಪ್ತವಾಯಿತು.

ಸ್ನಾನ ಮುಗಿಸಿ ಬಂದ ಅತ್ತೆ ಅದನ್ನು ನೋಡಿ "ಅಯ್ಯೋ, ಯಾವಾಗ ಬಂದ್ಯೇ?" ಎಂದು ಕೇಳಿ, ಉತ್ತರ ಬಾರದ್ದನ್ನು ಕಂಡು ಅಲ್ಲೇ ಗೋಡೆ ಹಿಡಿದು ಕುಳಿತರು.

"ಅಳಿಯಂದ್ರೇ, ನನ್ನ ಪ್ರಾಣ ತೆಗೀಬೇಕು ಅಂತಿದ್ರೆ ನೇರವಾಗಿ ಹೇಳಿ. ನಾನೇ ಹೊರಟುಹೋಗ್ತೀನಿ."

ಆದರೆ ಒಂದು ವಾರದಲ್ಲಿ ಅವರೂ ಒಗ್ಗಿಕೊಂಡರು. ಸೊಪ್ಪು ಬಿಡಿಸುತ್ತಾ ಕಟೌಟಿಗೆ ವರದಿ ಒಪ್ಪಿಸತೊಡಗಿದರು. "ನೋಡೇ, ನಿನ್ನ ಯಜಮಾನ್ರು ಇವತ್ತೂ ಹಾಲುಕ್ಕಿಸಿದ್ರು." ದೊರೆಸಾನಿ (ಮಗಳಿಗೆ ನಾನಿಟ್ಟ ಬಿರುದು, ಅಪ್ಪಣೆ ಅವಳದು, ಊಳಿಗ ನನ್ನದು) ಕಟೌಟಿನ ಮೊಣಕಾಲು ಹಿಡಿದೇ ಎದ್ದು ನಿಲ್ಲಲು ಕಲಿತಳು. ಅದರ ಎಡಗಾಲಿನ ಹೆಬ್ಬೆರಳನ್ನು ನೆಕ್ಕಿ ನೆಕ್ಕಿ ಬಿಳಿ ಮಾಡಿದಳು. "ಅಮ್ಮ ಎಲ್ಲಿ?" ಎಂದರೆ ಸಾಕು, ಪುಟ್ಟ ಬೆರಳು ನೇರ ರಟ್ಟಿನ ಕಡೆ. ನಾನು ಮೀಸೆ ತಿರುವುತ್ತಿದ್ದೆ.

ನಾನೂ ಒಂದೆರಡು ದಿನ ಅದರ ಮುಂದೆ ಕೂತು ಮಾತಾಡಿದ್ದುಂಟು. ಎದುರಾಡದ ಹೆಂಡತಿ ಬೇಕೆಂದು ಯಾವ ಗಂಡಸು ಬಯಸಿಲ್ಲ ಹೇಳಿ. ನನಗೆ ಸಿಕ್ಕಳು. ಮೂರನೇ ದಿನಕ್ಕೆ ಬೇಸರವಾಯಿತು. ನಾನು ತಪ್ಪು ಹೇಳಿದರೂ ನಗು, ಸರಿ ಹೇಳಿದರೂ ಅದೇ ನಗು. ಸಂಜೆ ಫೋನು ಬಂದು "ಮಗೂಗೆ ಉಗುರು ಕತ್ತರಿಸಿದ್ರೋ, ಅದನ್ನೂ ನಾನೇ ಬಂದು ಮಾಡ್ಬೇಕೋ?" ಎಂಬ ದನಿ ಕೇಳಿದಾಗ ಮನೆಗೆ ಯಾರೋ ಬಂದಂತಾಗುತ್ತಿತ್ತು.

ಐದು ತಿಂಗಳಾಯಿತು. ಅವಳಿಗೆ ಮನೆ ಸಿಕ್ಕಿತು, ನಮಗೆ ವೀಸಾ ಬಂತು. ಅತ್ತೆ ತಮ್ಮ ಮನೆಗೆ ಹೊರಟರು. ಹನ್ನೊಂದು ತಿಂಗಳ ದೊರೆಸಾನಿಯನ್ನು ಹನ್ನೊಂದು ಗಂಟೆ ವಿಮಾನದಲ್ಲಿ ನಾನೊಬ್ಬನೇ ಕರೆದೊಯ್ಯಬೇಕು. ಕಟೌಟಿಲ್ಲದೆ ಹೋದರೆ ಅಷ್ಟು ದಿನದ ತಾಲೀಮು ನೀರಿನಲ್ಲಿ ಹೋಮ. ಆಳೆತ್ತರದ ರಟ್ಟು ಕೈಚೀಲದಲ್ಲಿ ಹಿಡಿಯುವುದಿಲ್ಲ. ಯೋಚಿಸಿದೆ. ಮಗುವಿಗೆ ಬೇಕಾದ್ದು ಮುಖ ತಾನೆ? ಕಟರ್ ತಂದೆ.

"ಹೊರಡೋ ದಿನ ನನ್ನ ಮಗಳ ಕುತ್ತಿಗೆ ಕುಯ್ಯೋಕೆ ನಿಮ್ಗೆ ಕೈಯಾದ್ರೂ ಹೇಗೆ ಬರುತ್ತೆ?" ಎಂದರು ಅತ್ತೆ.

"ಅತ್ತೇ, ಇದು ರಟ್ಟು."

"ರಟ್ಟೋ ಗಿಟ್ಟೋ, ನಾನಂತೂ ನೋಡಲ್ಲ," ಎಂದು ಮುಖ ತಿರುಗಿಸಿದರು. ಆದರೆ ಅಲುಗಾಡದಂತೆ ಕಾಲು ಹಿಡಿದುಕೊಂಡವರೂ ಅವರೇ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಯಂತ್ರ ನನ್ನ ಚೀಲವನ್ನು ನುಂಗಿ ಉಗುಳಿತು. ಅಧಿಕಾರಿಯೊಬ್ಬ ಅದನ್ನು ಪಕ್ಕಕ್ಕೆ ಎಳೆದುಕೊಂಡ. ಡೈಪರ್, ಹಾಲಿನ ಪುಡಿ, ನಾಲ್ಕು ಫ್ರಾಕು ಹೊರಬಂದವು. ಕೊನೆಗೆ ನನ್ನ ಹೆಂಡತಿ ಹೊರಬಂದಳು, ನಗುತ್ತಾ.

"ಇದ್ಯಾರು?"

"ನನ್ನ ಹೆಂಡ್ತಿ ಸಾರ್."

ಆತ ತಿರುಗಿಸಿ ನೋಡಿದ. ಹಿಂದೆ ಬರೀ ರಟ್ಟು.

"ಉಳಿದಿದ್ದೆಲ್ಲಿ?"

"ಮನೇಲಿದೆ ಸಾರ್, ಮಂಚದ ಕೆಳಗೆ."

ಸತ್ಯ ಹೇಳುವವರು ಈ ಲೋಕದಲ್ಲಿ ಪಡುವ ಕಷ್ಟ ಅಷ್ಟಿಷ್ಟಲ್ಲ. ಹಿಂದಿನ ಸಾಲು ಒಂದು ಹೆಜ್ಜೆ ಹಿಂದೆ ಸರಿಯಿತು. "ಮಗೂನ ಒಬ್ರೇ ಕರ್ಕೊಂಡ್ ಹೋಗ್ತಿದ್ದೀರಾ? ತಾಯಿ ಒಪ್ಪಿಗೆ ಪತ್ರ ಎಲ್ಲಿ?" ಎಂದು ಆತ ಕೇಳಿದ. ತಾಯಿಯಾದವಳು ಪತ್ರದ ಮೂರು ಪ್ರತಿ ಕಳಿಸಿದ್ದಳು, ಎರಡನ್ನು ನಾನು ಕಳೆಯುತ್ತೇನೆಂಬ ಲೆಕ್ಕದಲ್ಲಿ. ಕಳೆದದ್ದು ಒಂದೇ. ಅಷ್ಟರಮಟ್ಟಿಗೆ ಅವಳ ಅಂದಾಜು ತಪ್ಪೆಂದು ಸಮಾಧಾನಪಟ್ಟುಕೊಂಡು ವಿಮಾನ ಹತ್ತಿದೆ.

ವಿಮಾನ ಮೇಲೇರುತ್ತಿದ್ದಂತೆ ಕಿವಿ ನೋವಿಗೆ ದೊರೆಸಾನಿ ದರ್ಬಾರು ಶುರುಮಾಡಿದಳು. ನಾನು ರಟ್ಟಿನ ಮುಖ ಎತ್ತಿ ಹಿಡಿದೆ. "ಮ್ಮ" ಎಂದು ಅದರ ಮೂಗನ್ನು ಬಾಯಿಗೆ ಹಾಕಿಕೊಂಡು ಸುಮ್ಮನಾದಳು. ಪಕ್ಕದ ಸೀಟಿನ ಅಜ್ಜಿ ಇದನ್ನೆಲ್ಲ ನೋಡುತ್ತಿದ್ದರು. ಅವರ ಕಣ್ಣು ತುಂಬಿಬಂತು.

"ಪಾಪ, ಚಿಕ್ಕ ವಯಸ್ಸು. ಹೋಗಿ ಎಷ್ಟು ದಿನ ಆಯ್ತಪ್ಪಾ?"

"ಐದು ತಿಂಗಳಾಯ್ತು."

"ಕೂಸನ್ನ ಬಿಟ್ಟು ಹೋಗೋಕೆ ಅವಳ ಜೀವ ಎಷ್ಟು ಒದ್ದಾಡ್ತೋ."

"ಹೌದಮ್ಮ. ಆದ್ರೆ ಈಗ ಒಳ್ಳೆ ಜಾಗದಲ್ಲಿದ್ದಾಳೆ. ಆರಾಮಾಗಿದ್ದಾಳೆ."

"ಹಾಗಂದ್ಕೊಳ್ಳೋದೇ ಒಳ್ಳೇದು."

"ನಾವೂ ಈಗ ಅಲ್ಲಿಗೇ ಹೊರಟಿದ್ದೀವಿ," ಎಂದೆ.

ಅಜ್ಜಿ ನನ್ನನ್ನೊಮ್ಮೆ, ಕಿಟಕಿಯಾಚೆಯ ಮೋಡವನ್ನೊಮ್ಮೆ ನೋಡಿ, ಬೆಲ್ಟ್ ಬಿಗಿ ಮಾಡಿಕೊಂಡರು.

ಮಗು ನನ್ನ ಎದೆಯ ಮೇಲೆ, ಅಂಗಿಯ ಗುಂಡಿ ಹಿಡಿದು ನಿದ್ದೆ ಹೋಯಿತು. ಯಾರಿಗೂ ಹೇಳದ ಒಂದು ಮಾತನ್ನು ಇಲ್ಲಿ ಹೇಳಿಬಿಡುತ್ತೇನೆ. ಈ ಐದು ತಿಂಗಳಲ್ಲಿ ಅವಳ ಯಾವ ಅಳು ಹಸಿವಿನದು, ಯಾವುದು ನಿದ್ದೆಯದು, ಯಾವುದು ಬರೀ ಹಟ ಎಂದು ನನಗೆ ಗೊತ್ತಾಗಿತ್ತು. ಅವಳ ಅಮ್ಮನಿಗೆ ಅದು ಗೊತ್ತಿರಲಿಲ್ಲ. ಮಗು ತಾಯಿಯನ್ನು ಗುರುತಿಸದಿದ್ದರೆ ಎಂದು ನನಗೆ ಭಯವಿತ್ತು, ನಿಜ. ಗುರುತಿಸಿಬಿಟ್ಟರೆ ನನ್ನ ಸ್ಥಾನ ಏನು ಎಂಬ ಸಣ್ಣತನವೂ ಅದೇ ಭಯದ ಮಗ್ಗುಲಲ್ಲಿ ಕೂತಿತ್ತು. ಅದನ್ನು ಎಬ್ಬಿಸಿ ಕಳಿಸಲು ನನಗೆ ಆಗಲಿಲ್ಲ.

ಇಳಿದು, ಸಾಲು ದಾಟಿ, ಹೊರಗೆ ಬಂದೆವು. ಕಂಬಿಯಾಚೆಯಿಂದ ಒಬ್ಬ ಹೆಂಗಸು ಜನರನ್ನು ತಳ್ಳಿಕೊಂಡು ಓಡಿ ಬಂದಳು. ಕಿವಿಯವರೆಗಷ್ಟೇ ಕೂದಲು, ಮೈತುಂಬ ಬೂದು ಬಣ್ಣದ ಕೋಟು, ಅತ್ತು ಅತ್ತು ಊದಿದ ಕಣ್ಣು, ಕೆಂಪು ಮೂಗು. ನನಗೇ ಒಂದು ಗಳಿಗೆ ಗುರುತು ಹತ್ತಲಿಲ್ಲ. ಅವಳು ಎರಡೂ ಕೈ ಚಾಚಿದಳು. ಮಗು ಅವಳನ್ನು ನೋಡಿತು. ನನ್ನ ಕೈಯಲ್ಲಿದ್ದ ರಟ್ಟಿನ ಮುಖವನ್ನು ನೋಡಿತು. ಆಮೇಲೆ ನನ್ನ ಕಾಲರ್ ಬಿಗಿಯಾಗಿ ಹಿಡಿದು ಕುತ್ತಿಗೆಯಲ್ಲಿ ಮುಖ ಹುದುಗಿಸಿತು.

ಚಾಚಿದ ಕೈಗಳು ಹಾಗೇ ಉಳಿದವು. ದಿನಕ್ಕೆ ಹತ್ತು ಮಕ್ಕಳನ್ನು ಎತ್ತಿಕೊಳ್ಳುವ ಕೈಗಳವು.

"ನಾನು ಹೇಳಿರ್ಲಿಲ್ವಾ," ಎಂದಳು, ದನಿಯೇ ಇಲ್ಲದೆ.

ಅಲ್ಲಿಯವರೆಗೆ ಮಗ್ಗುಲಲ್ಲಿ ಕೂತಿದ್ದ ಸಣ್ಣತನ ಎಲ್ಲಿ ಹೋಯಿತೋ ಗೊತ್ತಿಲ್ಲ. ಹದಿನೈದು ವರ್ಷದ ನಾಲಿಗೆ ತಾನಾಗಿ ನುಡಿಯಿತು. "ಅಳ್ಬೇಡ. ಗಲ್ಲ ಸ್ವಲ್ಪ ಮೇಲೆ. ನಗು. ಹಲ್ಲು ಕಾಣ್ಲಿ. ನೀನು ನಕ್ರೆ ಗುರುತು ಹಿಡೀತಾಳೆ."

ಪಾಪ, ಪ್ರಯತ್ನಿಸಿದಳು. ನನ್ನ ವೃತ್ತಿಜೀವನದಲ್ಲಿ ಅಂಥ ನಗುವನ್ನು ನಾನು ಕಂಡಿಲ್ಲ. ಮಗು ಒಮ್ಮೆ ಕದ್ದು ನೋಡಿ ಚಿಟ್ಟನೆ ಚೀರಿತು. ಎರಡೂ ಒಂದೇ ಎಂದು ತೋರಿಸಲು ನಾನು ರಟ್ಟಿನ ಮುಖವನ್ನು ಅವಳ ಮುಖದ ಪಕ್ಕಕ್ಕೇ ಹಿಡಿದೆ. ಆಗ ಅವಳ ಕಣ್ಣು ಅದರ ಮೇಲೆ ಬಿತ್ತು.

"ಏನ್ರೀ ಇದು?"

"ನೀನು."

"ನನ್ನ ಮೈಯೆಲ್ಲಿ?"

"ಬ್ಯಾಗಲ್ಲಿ ಹಿಡೀಲಿಲ್ಲ."

ಹೆಂಡತಿಯ ಅಳು ನಿಂತಿತು. "ಐದು ತಿಂಗಳು ಮಗೂಗೆ ರಟ್ಟು ತೋರಿಸ್ಕೊಂಡು ಕೂತಿದ್ರಾ? ಅಮ್ಮ ಅಂದ್ರೆ ರಟ್ಟು ಅಂತ ಕಲಿಸಿದ್ರಾ? ಈ ಚಳೀಲಿ ಸ್ವೆಟರ್ ಎಲ್ಲಿ? ಒಂದು ಕಾಲಲ್ಲಿ ಸಾಕ್ಸ್ ಇದೆ, ಇನ್ನೊಂದು ವಿಮಾನದಲ್ಲಿ ವಾಪಸ್ ಹೋಯ್ತಾ? ಫ್ರಾಕ್ ನೋಡಿ, ಹಿಂದುಮುಂದಾಗಿದೆ. ಗುಂಡಿ ಎದುರಿಗಿದ್ರೂ ಗೊತ್ತಾಗ್ಲಿಲ್ವಾ ನಿಮ್ಗೆ?"

ನನ್ನ ಕುತ್ತಿಗೆಯ ಮೇಲಿನ ಬಿಸಿಯುಸಿರು ನಿಂತಿತು. ಮಗು ಮೆಲ್ಲಗೆ ತಲೆಯೆತ್ತಿತು. ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ದನಿ ಎಲ್ಲಿಂದ ಬರುತ್ತಿದೆ ಎಂದು ಹುಡುಕಿತು. ಆ ಬೂದು ಕೋಟಿನ ಹೆಂಗಸಿನ ಬಾಯಿಯನ್ನೇ ದಿಟ್ಟಿಸಿತು. ಕಾಲು ಬಡಿಯಿತು. ಆಮೇಲೆ ನಕ್ಕಿತು, ಇದ್ದ ಮೂರೂ ಹಲ್ಲು ಕಾಣುವಂತೆ.

ಹೆಂಡತಿ ದಂಗಾಗಿ ಮಾತು ನಿಲ್ಲಿಸಿದಳು. ಕಣ್ಣು ಮತ್ತೆ ತುಂಬಿತು. ಮಗುವಿನ ನಗು ಅಲ್ಲಿಗೇ ನಿಂತು, ತುಟಿ ಮತ್ತೆ ಓರೆಯಾಯಿತು.

"ನಿಲ್ಲಿಸ್ಬೇಡ," ಎಂದೆ.

"ಏನನ್ನ?"

"ಬೈಯೋದನ್ನ. ಬೈತಾನೇ ಇರು."

ಬೈದಳು. ಬಿಕ್ಕುತ್ತಲೇ ಬೈದಳು. ಉಕ್ಕಿದ ಹಾಲು, ಕಳೆದ ಪತ್ರ, ಮದುವೆಯ ದಿನ ಕ್ಯಾಮೆರಾ ಸರಿಮಾಡಲು ಹೋಗಿ ಅವಳೊಬ್ಬಳನ್ನೇ ಅರ್ಧ ಗಂಟೆ ನಿಲ್ಲಿಸಿದ್ದು, ಒಂದನ್ನೂ ಬಿಡಲಿಲ್ಲ. ಹೋಗುತ್ತಿದ್ದವರು ನಿಂತು ನೋಡಿದರು. ವಿಮಾನದ ಅಜ್ಜಿ ರಟ್ಟಿನ ಮುಖವನ್ನೂ ಅದರ ಪಕ್ಕದಲ್ಲಿ ಬೈಯುತ್ತಿದ್ದ ಮುಖವನ್ನೂ ಕಂಡು, ತಮ್ಮ ಗಾಡಿಯನ್ನು ಬಿರಬಿರನೆ ತಳ್ಳಿಕೊಂಡು ಹೋದರು. ಮದುವೆಯ ದಿನದ ಅಪರಾಧದ ಹೊತ್ತಿಗೆ ದೊರೆಸಾನಿ ನನ್ನ ಕಾಲರ್ ಬಿಟ್ಟು, ಎರಡೂ ಕೈ ಚಾಚಿ, ಅಮ್ಮನ ಮೈಮೇಲೆ ಬಿದ್ದಳು. ನನ್ನತ್ತ ತಿರುಗಿಯೂ ನೋಡಲಿಲ್ಲ. ನಾನು ಅಲ್ಲೇ ನಿಂತು ಅತ್ತೆ. ಅದು ಸಂತೋಷಕ್ಕೋ ಹೊಟ್ಟೆಕಿಚ್ಚಿಗೋ ಎಂದು ಈಗಲೂ ಸರಿಯಾಗಿ ಹೇಳಲಾರೆ. ರಟ್ಟಿನ ಮುಖ ಅಲ್ಲಿಯ ಬೆಂಚಿನ ಮೇಲೆ ಉಳಿದುಹೋಯಿತು. ಮನೆ ಮುಟ್ಟುವವರೆಗೆ ಯಾರಿಗೂ ಅದರ ನೆನಪಾಗಲಿಲ್ಲ.

ಈಗ ನಾಲ್ಕು ತಿಂಗಳಾಯಿತು. ಬೇರೆ ಮನೆಗಳಲ್ಲಿ ಮಗು ಅತ್ತರೆ ಗಿಲಕಿ ಆಡಿಸುತ್ತಾರೆ. ನಮ್ಮ ಮನೆಯಲ್ಲಿ ನನ್ನನ್ನು ಬೈಯುತ್ತಾರೆ. ಹಲ್ಲು ಮೂಡುವ ನೋವಿಗೆ ಸಾದಾ ಬೈಗುಳ ಸಾಲುವುದಿಲ್ಲ, ನನ್ನ ಕಡೆಯ ಹಿರಿಯರನ್ನೂ ಸೇರಿಸಬೇಕಾಗುತ್ತದೆ. ಕೆಲವು ಸಂಜೆ ಅವಳು ವಾರ್ಡಿನಿಂದ ಸೋತು ಬಂದಿರುತ್ತಾಳೆ. ಮಗು ರಾಗ ಎಳೆಯುತ್ತಿರುತ್ತದೆ. ಅವಳು ನನ್ನ ಮುಖ ನೋಡಿ, "ಇವತ್ತು ಏನೂ ಹೊಳೀತಿಲ್ಲ ಕಣ್ರೀ," ಎನ್ನುತ್ತಾಳೆ. ಆಗ ನಾನು ಸದ್ದಿಲ್ಲದೆ ಎದ್ದು ಹೋಗಿ, ಒದ್ದೆ ಟವೆಲನ್ನು ಅವಳು ಈಗಷ್ಟೇ ಹಾಸಿದ ಹಾಸಿಗೆಯ ಮೇಲೆ ಹರಡಿ ಬಂದು, ಅವಳು ಒಳಗೆ ಹೋಗುವುದನ್ನೇ ಕಾಯುತ್ತಾ ಕೂರುತ್ತೇನೆ.