ಉಬ್ಬಸದ ಪುಡಿಗೆ ನ್ಯೂಟ್ರಾನ್ ಏಟು

ಅಳು ಬರುವಂಥ ಮನೆಗಳಿಗೆ ಹೋದಾಗಲೇ ನನಗೆ ನಗು ತಡೆಯಲಾಗದ ಪ್ರಸಂಗಗಳು ಎದುರಾಗುತ್ತವೆ. ಬೀದರ್ ಕಡೆ ಹುಟ್ಟಿ, ರಾಮನಗರದಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಲೇ ಮುದುಕಿಯಾದವಳು ನಾನು. ನನ್ನ ಹಳೆಯ ಶಿಷ್ಯನೊಬ್ಬ ಈಗ ಸಂಶೋಧಕ. ಹಳೇ ಮಡಕೆ, ಔಷಧಿ ಗಿಡಗಳ ಸ್ಯಾಂಪಲ್ ಹುಡುಕಿಕೊಂಡು ಊರೂರು ಸುತ್ತುವಾಗ ನನ್ನನ್ನೂ ಕರೆದೊಯ್ಯುತ್ತಾನೆ, ಹೆಂಗಸರು ತನ್ನೊಡನೆ ಬಾಯಿಬಿಟ್ಟು ಮಾತಾಡುವುದಿಲ್ಲ ಅಂತ. ಸಾತನೂರಿನ ಹತ್ತಿರದ ಒಂದು ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ.

೧. ಕೈ ತೋರಿಸಿದ ಕಡೆ

ಆ ಮನೆಯಲ್ಲಿ ಇಬ್ಬರು ಓರಗಿತ್ತಿಯರು. ಹಿರಿಯವಳ ಗಂಡ ನಾಟಿ ವೈದ್ಯ, ತೀರಿಕೊಂಡು ವರ್ಷವಾಗಿತ್ತು. ಕಿರಿಯವಳಿಗೆ ಉಬ್ಬಸ. ಆಸ್ಪತ್ರೆಯಲ್ಲಿ ಕೊಟ್ಟ ಉಸಿರಿನ ಪಂಪು ಎಳೆದರೆ ಕೈ ನಡುಗುತ್ತದೆ, ಭಾವ ಮಾಡಿಟ್ಟ ಪುಡಿ ನೆಕ್ಕಿದರೇ ಉಸಿರು ಸಲೀಸು ಎನ್ನುತ್ತಿದ್ದಳು. ಡಬ್ಬಿಯ ತಳ ಕಾಣುತ್ತಿತ್ತು. ಯಾವ ಎಲೆಯ ಪುಡಿಯೆಂದು ಆತ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮದ್ದಿನ ಶಕ್ತಿ ಹೋಗುತ್ತದಂತೆ.

“ಕೊನೇಗಾದ್ರೂ ಹೇಳಲಿಲ್ವಾ?” ಎಂದೆ.

“ಲಕ್ವ ಹೊಡ್ದು ಮಾತು ನಿಂತೋಗಿತ್ತು ಮೇಡಮ್ನೋರೆ,” ಎಂದಳು ಹಿರಿಯವಳು. “ಹಿತ್ಲು ಕಡೆ ಕೈ ತೋರ್ಸುದ್ರು. ಓಡೋಗಿ ಆಡುಸೋಗೆ ತಂದೆ. ಅಲ್ಲ ಅಂತ ತಲೆ ಆಡುಸುದ್ರು. ತುಂಬೆ ತಂದೆ, ಅದೂ ಅಲ್ಲ. ಹಿತ್ಲಲ್ಲಿರೋ ಸೊಪ್ಪೆಲ್ಲ ಕಿತ್ತು ಗುಡ್ಡೆ ಹಾಕ್ಬುಟ್ಟೆ. ಆಮೇಲೆ ಇವ್ಳು ಒಂದು ಲೋಟ ನೀರು ಹಿಡುದ್ಲು ನೋಡಿ, ಹೂಂ ಅಂತ ತಲೆ ಆಡುಸುದ್ರು. ಪಾಪ, ಬಾಯಾರಿತ್ತು. ನೀರಿನ ತೊಟ್ಟಿ ತೋರುಸ್ತಿದ್ರು.”

೨. ಹೊಡೆದು ಬಾಯಿ ಬಿಡಿಸುವುದು

ಶಿಷ್ಯ ವಿವರಿಸಿದ: “ಒಂದು ಚಿಟಿಕೆ ಪುಡಿ ಕೊಡಿ. ಅಣು ರಿಯಾಕ್ಟರಿನಲ್ಲಿಟ್ಟು ನ್ಯೂಟ್ರಾನ್ ಅನ್ನೋ ಕಣಗಳಿಂದ ಹೊಡೆಸ್ತೀವಿ. ಆಗ ಒಳಗಿರೋ ಕಬ್ಬಿಣ, ಸತು ಎಲ್ಲ ತಂತಮ್ಮ ಕಿರಣ ಬಿಟ್ಟು, ನಾನಿದ್ದೀನಿ ಅಂತ ಬಾಯಿ ಬಿಡ್ತವೆ.”

“ಪೋಲೀಸ್ನೋರು ಮಾಡೋದೂ ಅದೇ ಅಲ್ವಾ?” ಎಂದಳು ಕಿರಿಯವಳು.

ಈ ಲೋಹಗಳು ಎಲ್ಲ ಸೊಪ್ಪಿನಲ್ಲೂ ಇರುತ್ತವೆ, ಎಲೆಯ ಹೆಸರು ಸಿಗುವುದು ಕಷ್ಟ ಎಂದು ಅವನೂ ಹೇಳಿದ, ನಾನೂ ಹೇಳಿದೆ. ಅವರ ಕಿವಿಗೆ ಬಿದ್ದದ್ದು ‘ಬಾಯಿ ಬಿಡ್ತವೆ’ ಎಂಬುದೊಂದೇ.

“ಪುಡಿ ವಾಪಸ್ ಯಾವಾಗ ಕೊಡ್ತೀಯಪ್ಪ?” ಎಂದಳು ಹಿರಿಯವಳು.

“ಕೊಡೋಕಾಗಲ್ಲಮ್ಮ. ಏಟು ತಿಂದ ಮೇಲೆ ಅದರಲ್ಲಿ ವಿಕಿರಣ ಇರುತ್ತೆ, ಮುಟ್ಟೋ ಹಾಗಿಲ್ಲ.”

ಹಿರಿಯವಳು ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡಳು. ಒಂದು ಚಿಟಿಕೆಯೆಂದರೆ ಓರಗಿತ್ತಿಯ ಒಂದು ರಾತ್ರಿಯ ನಿದ್ದೆ.

“ಕೊಟ್ಬುಡಕ್ಕ,” ಎಂದಳು ಕಿರಿಯವಳು. “ಒಂದಿನ ಗೊರಕೆ ಬದ್ಲು ಸಿಳ್ಳೆ ಹೊಡೀತೀನಿ.”

೩. ಮದ್ದಿನ ಮಡಕೆ

ಪುಡಿ ಮಾಡುವ ಮುನ್ನ ವೈದ್ಯ ಎಲೆ ಬೇಯಿಸುತ್ತಿದ್ದ ಮಡಕೆಯನ್ನೂ ತಂದಿಟ್ಟರು. ಹೊಲ ಉಳುವಾಗ ಸಿಕ್ಕಿದ್ದಂತೆ. ಒಳಗೆ ಕಪ್ಪು, ಹೊರಗೆ ಕೆಂಪು. ಶಿಷ್ಯ ಅದನ್ನು ಬೆಳಕಿಗೆ ಹಿಡಿದ. “ಇದು ಕಲ್ಲುಗೋರಿಯೊಳಗೆ ಹೆಣದ ಜೊತೆ ಇಡ್ತಿದ್ದ ಮಡಕೆ! ಸಾವಿರಾರು ವರ್ಷದ್ದು!”

“ಅಯ್ಯಯ್ಯಪ್ಪ! ಹೆಣದ ಮಡ್ಕೇಲಿ ಬೇಯ್ಸುದ್ನಾ ನಾನು ತಿಂದಿದ್ದು?” ಕಿರಿಯವಳು ಎದೆ ಹಿಡಿದುಕೊಂಡಳು.

“ಸುಮ್ಕಿರಮ್ಮಿ,” ಎಂದಳು ಹಿರಿಯವಳು. “ಆ ಮಡ್ಕೆ ಲೆಕ್ಕದ ಸಾವು ಆಗ್ಲೇ ಆಗೋಗಿತ್ತು. ಅದುಕ್ಕೇಯ ನೀನು ಉಳ್ಕಂಡೆ.”

ಶಿಷ್ಯ ಚಿಟಿಕೆ ಪುಡಿಯ ಜೊತೆಗೆ ಅದರ ತಳದಿಂದ ಒಸಿ ಮಣ್ಣು ಕೆರೆದುಕೊಂಡ, ಹೋಲಿಸಲು ಊರ ಕೆರೆಯದೂ ಒಂದು ಹಿಡಿ.

೪. ಉತ್ತರ

ಕೆಲವು ತಿಂಗಳ ನಂತರ ಉತ್ತರ ಹಿಡಿದು ಹೋದೆವು. ಇಬ್ಬರೂ ಜಗಲಿಯ ಮೇಲೆ ಕಾದಿದ್ದರು. ಕಿರಿಯವಳು ಇಳಿದುಹೋಗಿದ್ದಳು, ಮಾತಿನ ನಡುನಡುವೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದಳು.

“ಮಡಕೆಯ ಮಣ್ಣು ನಿಮ್ಮೂರ ಕೆರೆ ಮಣ್ಣಿಗೇ ಹೊಂದುತ್ತೆ, ಇಲ್ಲೇ ಮಾಡಿದ್ದು,” ಎಂದ ಶಿಷ್ಯ.

“ಪುಡಿ?” ಎಂದಳು ಹಿರಿಯವಳು.

“ಕಬ್ಬಿಣ, ಸತು, ಮ್ಯಾಂಗನೀಸ್ ಇದೆ. ಆರ್ಸೆನಿಕ್‌ನಂಥ ವಿಷ ಕಾಣಲಿಲ್ಲ.”

“ಎಲೆ ಯಾವ್ದು?”

ಅವನು ನನ್ನ ಮುಖ ನೋಡಿದ. “ಅದು ಗೊತ್ತಾಗಲಿಲ್ಲ ಕಣಮ್ಮ,” ಎಂದೆ ನಾನೇ. ಇಂಥದ್ದನ್ನು ಹೇಳಲು ನನ್ನ ಬೀದರಿನ ಮಾತೂ ಸಾಲದು, ಇಲ್ಲಿಯ ಮಾತೂ ಸಾಲದು.

ಹಿರಿಯವಳು ಹಿತ್ತಿಲ ಕಡೆ ತಿರುಗಿದಳು. ಆಮೇಲೆ ಅಂದಳು: “ಸಾವಿರಾರು ವರ್ಷದ ಮಡ್ಕೆ ಬಾಯಿ ಬುಡ್ತು. ನಮ್ಮೋರು ಬುಡ್ಲಿಲ್ಲ. ಈಗ ನಿಮ್ ಮಿಷಿನ್ನೂ ಬುಡ್ಲಿಲ್ಲ. ಅದೂ ಗಂಡ್ಸೇ ಇರ್ಬೇಕು.”

ಕಿರಿಯವಳು ಕಿಸಕ್ಕನೆ ನಕ್ಕಳು. ನಾನೂ ನಕ್ಕೆ. ಅವಳ ನಗು ನಿಲ್ಲಲಿಲ್ಲ. ಕೆಮ್ಮಾಯಿತು, ಕೆಮ್ಮು ಸಿಳ್ಳೆಯಾಯಿತು. ಹಿರಿಯವಳು ಡಬ್ಬಿ ಬೋರಲು ಹಾಕಿ ತಟ್ಟಿದಳು. ಅಂಗೈಗೆ ಬಿದ್ದ ಧೂಳನ್ನು ಓರಗಿತ್ತಿಯ ನಾಲಿಗೆಗೆ ಒರೆಸಿ, ಬೆನ್ನು ನೀವುತ್ತಾ ಗದರಿದಳು:

“ಸಾಕು, ಇನ್ಮೇಲೆ ನಗ್ಬ್ಯಾಡ ಕಣಮ್ಮಿ. ಪುಡಿ ಮುಗ್ದೋಯ್ತು.”