ಹದಿನೇಳು ವೋಲ್ಟು

ಹನ್ನೆರಡು ತೋರಿಸಬೇಕಾದ ಮೀಟರು ಹದಿನೇಳು ತೋರಿಸಿದ್ದೇ ತಡ, ಸುಭಾಸ ಫಟ್ಟನೆ ಸ್ವಿಚ್ಚು ಆರಿಸಿದ.

ಕೊಲ್ಹಾರದ ಬಜಾರಿನಲ್ಲಿ ಮೈಕು ರಿಪೇರಿ ಮಾಡುವವನಿಗೆ ಅದೇನು ಮಹಾ ಕೆಲಸವಾಗಿರಲಿಲ್ಲ. ಸೋದರಮಾವ ಧರೆಪ್ಪ ಮೀನು ಮಾರುವ ಟಂಟಂ ಗಾಡಿಯ ಮೇಲಿನ, ರೆಕಾರ್ಡು ಮಾಡಿಟ್ಟ ಮಾತನ್ನು ಕೂಗುವ ಭೋಂಗಾ ಸ್ಪೀಕರನ್ನು ಬಿಚ್ಚಿ ತನ್ನ ಅಂಗಡಿಗೆ ಕಟ್ಟಿದ್ದ. ಗಾಡಿಯ ಬ್ಯಾಟರಿ ಮೇಲೆ ಕೂಗುತ್ತಿದ್ದ ಅದಕ್ಕೆ ಅಂಗಡಿಯ ಕರೆಂಟಿನಿಂದ ಹನ್ನೆರಡು ವೋಲ್ಟು ಮಾಡಿಕೊಡುವ ಡಬ್ಬಿ ಬೇಕಿತ್ತು, ಅಷ್ಟೆ. ಆದರೆ ಡಬ್ಬಿ ನೆಟ್ಟಗೆ ನಡೆದರೆ ಮಗಳು ವಿಜಯಶ್ರೀಯ ಮದುವೆ ಮಾತನ್ನೂ ಇವತ್ತೇ ಮುಗಿಸೋಣ ಎಂದು ಮಾವ ಹೇಳಿಬಿಟ್ಟಿದ್ದ. ಆ ಹಕ್ಕಿನ ಹೆಣ್ಣಿಗಾಗಿ ಸುಭಾಸ ಬಂದ ಸಂಬಂಧಗಳನ್ನೆಲ್ಲ ಬಿಟ್ಟು ಕೂತಿದ್ದ.

ಟ್ರಾನ್ಸ್‌ಫಾರ್ಮರ್ ಬದಲಿಸಿದ, ಹದಿನೇಳು. ಡಯೋಡು ಬದಲಿಸಿದ, ಹದಿನೇಳು. ಬೇರೆ ಮೀಟರು ತಂದ. ಅದೂ ನಾಚಿಕೆಯಿಲ್ಲದೆ ಹದಿನೇಳೇ ಅಂದಿತು. ಪಕ್ಕದ ಸೈಕಲ್ ಅಂಗಡಿಯ ಚಾಂದಸಾಬ ಎದ್ದು ಬಂದು, ಟ್ಯೂಬಿಗೆ ಗಾಳಿ ಹೆಚ್ಚಾದರೆ ಬಿಡುವುದಿಲ್ಲವೇ, ಇದನ್ನೂ ಹಾಗೇ ಇಳಿಸು ಎಂದ. ಬಳೆ ಅಂಗಡಿಯ ಇಂದ್ರಾಬಾಯಿ, ಭೋಂಗಾ ಸುಟ್ಟು ಬೂದಿಯಾದರೆ ಮದುವೆ ಹಾಗಿರಲಿ, ಮಾವನಿಗೆ ಮುಖ ತೋರಿಸಲೂ ಆಗದು ಎಂದು ಹೆದರಿಸಿದಳು. ಸುಭಾಸ ಟ್ರಾನ್ಸ್‌ಫಾರ್ಮರಿನ ತಂತಿಯ ಸುತ್ತು ಬಿಚ್ಚಿದ, ಅಳೆದ, ಮತ್ತೆ ಬಿಚ್ಚಿದ. ಕೊನೆಗೂ ಮೀಟರು ಹನ್ನೆರಡಕ್ಕೆ ನಿಂತಾಗ ಮೂವರೂ ಚಹಾ ತರಿಸಿ ಕುಡಿದರು.

ಮಾವನ ಅಂಗಡಿಗೆ ಒಯ್ದು ಜೋಡಿಸಿದ. ಧರೆಪ್ಪನ ಅಂಗಡಿಯಲ್ಲಿ ಹಳೇ ಮೀನು ಸಿಗುವುದಿಲ್ಲ ಎಂದು ಸಾರಬೇಕಿದ್ದ ಭೋಂಗಾ, ದನಿ ಏರುತ್ತಲೇ ವೋಲ್ಟು ಸಾಲದೆ ಗಪ್ಪಾಗಿ, ಮತ್ತೆ ಜೀವ ಬಂದು ಮೊದಲಿನಿಂದ ಶುರುಮಾಡಿತು.

“ಧರೆಪ್ಪನ ಅಂಗಡ್ಯಾಗ ಹಳೇ ಮೀನ... ಧರೆಪ್ಪನ ಅಂಗಡ್ಯಾಗ ಹಳೇ ಮೀನ...”

ಬಜಾರೆಲ್ಲ ಕೇಳಿತು. ಸುಭಾಸ ಕಣ್ಣು ಮುಚ್ಚಿಕೊಂಡ. ತೆರೆದರೆ ಅಂಗಡಿಯ ಮುಂದೆ ಜನವೋ ಜನ! ಹಳೆಯದಾದರೆ ಅಗ್ಗವೆಂದು ಬಂದವರು, ಧರೆಪ್ಪ ಒಣಗಿಸಲೆಂದು ತೆಗೆದಿಟ್ಟಿದ್ದ ನಿನ್ನೆಯ ಬುಟ್ಟಿಯನ್ನೂ ಖಾಲಿ ಮಾಡಿಸಿದರು.

ಧರೆಪ್ಪ ಅಳಿಯನ ಹೆಗಲ ಮೇಲೆ ಕೈಯಿಟ್ಟ. “ಇದನ್ನ ಮುಟ್ಟಬ್ಯಾಡೋ, ಹಿಂಗ ಇರ್ಲಿ. ಮಗಳ್ನ ನಿನಗ ಕೊಟ್ಟೆ.”

ಅಷ್ಟರಲ್ಲಿ, ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿದ್ದ ವಿಜಯಶ್ರೀ ಅಂಗಡಿಯ ಒಳಗಿಂದ ಬಂದು ಡಬ್ಬಿಯ ಮುಚ್ಚಳ ತೆಗೆದು ನೋಡಿ, ಮೊದಲು ಎಷ್ಟು ತೋರಿಸುತ್ತಿತ್ತೆಂದು ಕೇಳಿದಳು. ಹದಿನೇಳು ಎಂದ ಸುಭಾಸ.

“ಬರೇ ಡಬ್ಬಿ ಅಳದ್ರ ಹದಿನೇಳ ತೋರಸೂದ. ಭೋಂಗಾ ಹಚ್ಚಿದ್ರ ಹನ್ನೆರಡಕ್ಕ ತಾನ ಇಳೀತೈತಿ. ನೀವು ಮೊದಲ ಹನ್ನೆರಡಕ್ಕ ಇಳಿಸಿದ್ರಿ, ಹಚ್ಚಿದ ಮ್ಯಾಲ ಇನ್ನೂ ಇಳೀತು. ಸರಿ ಇದ್ದದ್ದನ್ನ ಕೆಡಿಸೀರಿ,” ಎಂದವಳು ತಂದೆಯ ಕಡೆ ತಿರುಗಿದಳು. “ಅಪ್ಪಾ, ಡಬ್ಬಿ ನೀ ಇಟ್ಕೋ. ಇವರನ್ನ ನಾ ಒಲ್ಲೆ.”