ಉಷ್ಣವೋ, ಉಳ್ಳಾಗಡ್ಡಿ ಬಣ್ಣವೋ

ಮಕ್ತಲ್‌ನ ಚನ್ನವೀರಮ್ಮನವರ ಮನೆಯೊಳಗೆ ರೋಗಗಳಿಗೆ ಪ್ರವೇಶವಿರಲಿಲ್ಲ. ತಲೆನೋವು ಬಂದರೆ ಉಷ್ಣ, ಹೊಟ್ಟೆ ನೊಂದರೆ ಉಷ್ಣ, ಕಣ್ಣು ಕೆಂಪಾದರೆ ಉಷ್ಣ. ನೆಗಡಿಯೂ ಉಷ್ಣವೇ (ಅದು ಒಳಗೆ ಅಡಗಿ ಕೂತ ಉಷ್ಣವಂತೆ). ಆದ್ದರಿಂದ ಸೊಸೆ ಭಾಗ್ಯಜ್ಯೋತಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಾಗ ತೀರ್ಪು ಮೊದಲೇ ಸಿದ್ಧವಾಗಿತ್ತು.

"ಅತ್ತೀ, ಒಂದಕ್ಕ ಹೋದ್ರ ಬೆಂಕಿ ಹಚ್ಚಿದಂಗ ಉರೀತೈತ್ರಿ. ನಿನ್ನೆಯಿಂದ ತಡಕೊಳ್ಳಾಕ ಆಗವಲ್ದು. ದವಾಖಾನಿಗಿ ಹೋಗಿ ಬರ್ತೀನ್ರಿ."

"ಉಷ್ಣ."

"ಉಷ್ಣ ಅಲ್ರೀ, ಇನ್ಫೆಕ್ಷನ್ ಇರಬೇಕು. ಗಳಿಗಿಗೊಮ್ಮಿ ಹೋಗಬೇಕು ಅನಸ್ತೈತಿ, ಹೋದ್ರ ನಾಕ ಹನಿ."

"ಅದಕ್ಕ ಉಷ್ಣ ಅಂತಾರ. ಹೊಕ್ಕಳಿಗಿ ಔಡಲೆಣ್ಣಿ ಹಚ್ಚು, ಸಬ್ಜಾ ನೀರು ಕುಡಿ. ನಾನೂ ಮಕ್ಕಳನ್ನ ಹಡದೀನವ್ವ, ಒಂದ ದಿನ ದವಾಖಾನಿ ಮೆಟ್ಟಲಾ ಹತ್ತಿಲ್ಲ."

ಜ್ಯೋತಿ ಗಂಡನ ಕಡೆ ನೋಡಿದಳು. ಗುರುಲಿಂಗ ನಾರಾಯಣಪೇಟೆಯ ಸೀರೆ ಅಂಗಡಿಯಲ್ಲಿ ಸೀರೆಗೆ ದಡಿ, ದಡಿಗೆ ಕುಪ್ಪಸ ಹೊಂದಿಸಿ ಕೊಡುವವನು. ಬಣ್ಣಗಳ ವಿಷಯದಲ್ಲಿ ಮಹಾಪಂಡಿತ. ತಾಯಿ, ಹೆಂಡತಿಯರ ವಿಷಯದಲ್ಲಿ ಯಾವ ಬಣ್ಣವೂ ಇಲ್ಲದ ಮನುಷ್ಯ.

"ಯವ್ವ ಹೇಳೂದೂ ಖರೆ, ನೀ ಹೇಳೂದೂ ಖರೆ," ಎಂದು ಬೈಕಿನ ಕೀಲಿ ಹುಡುಕತೊಡಗಿದ. (ಕೀಲಿ ಅವನ ಕೈಯಲ್ಲೇ ಇತ್ತು.)

ಸರಿ, ನನ್ನ ಬಾಯಿಮಾತು ಈ ಮನೆಯಲ್ಲಿ ನಡೆಯುವುದಿಲ್ಲ ಅಲ್ಲವೇ, ಸಬೂತನ್ನೇ ತಂದು ಕಣ್ಣೆದುರು ಹಿಡಿಯುತ್ತೇನೆ ಎಂದುಕೊಂಡಳು ಜ್ಯೋತಿ. ಮೂತ್ರದಲ್ಲಿ ಅದ್ದಿದರೆ ಬಣ್ಣ ತಿರುಗಿ ಸತ್ಯ ಹೇಳುವ ಪಟ್ಟಿಗಳು ಸಿಗುತ್ತವೆಂದು ಫೋನಿನಲ್ಲಿ ಓದಿದ್ದಳು.

ಸಂಜೆ ನರಸಯ್ಯನ ಮೆಡಿಕಲ್ ಅಂಗಡಿಯ ಮುಂದೆ ಗಿರಾಕಿಗಳ ಸಾಲಿತ್ತು. "ಮನ್ಯಾಗ ಟೆಸ್ಟ್ ಮಾಡೂ ಪಟ್ಟಿ ಕೊಡಪಾ," ಎಂದು ಪಿಸುಗುಟ್ಟಿದಳು.

ನರಸಯ್ಯ ಹಲ್ಲು ಕಿರಿದು ಬಸುರಿ ಪರೀಕ್ಷೆಯ ಡಬ್ಬಿಯನ್ನು ಮುಂದಿಟ್ಟ. "ಏನಕ್ಕಾ, ಇಷ್ಟ ಜಲ್ದಿ ಎರಡನೇದಾ?"

ಸಾಲಿಗೆ ಸಾಲೇ ನಕ್ಕಿತು. ಜ್ಯೋತಿಗೆ ಕೆಳಗಿನ ಉರಿ ನೆತ್ತಿಗೇರಿತು. "ಅದಲ್ಲಪಾ! ಉರಿಮೂತ್ರದ್ದು! ಉರಿ... ಮೂತ್ರ!"

ಎದುರಿಗೆ ರಾಯಚೂರು ಬಸ್ಸಿಗೆ ಕಾಯುತ್ತಿದ್ದವರೂ ತಿರುಗಿ ನೋಡಿದರು. ನೋಡಲಿ! ಉರಿಯುತ್ತಿರುವುದು ನನಗೆ, ಇವರಿಗೇಕೆ ನಾಚಿಕೆ?

ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಪರೀಕ್ಷಾ ಮಹಾಯಜ್ಞ ನೆರವೇರಿತು. ಮೊದಲ ಧಾರೆಯನ್ನು ಬಿಟ್ಟು, ನಡುವಿನದನ್ನು ಹೊಸ ಪ್ಲಾಸ್ಟಿಕ್ ಬಟ್ಟಲಲ್ಲಿ ಹಿಡಿದು ಪಟ್ಟಿ ಅದ್ದಿದಳು. ಒಂದು ಚೌಕ ಗುಲಾಬಿಯಾದರೆ, ಇಲ್ಲವೇ ಇನ್ನೊಂದು ನೇರಳೆಯಾದರೆ ಸೋಂಕಿರಬಹುದು. ಆದರೆ ಎರಡು ನಿಮಿಷ ದಾಟಿದ ಮೇಲೆ ಪಟ್ಟಿಯ ಮಾತು ನಂಬಬೇಡಿ ಎಂದು ಡಬ್ಬಿಯೊಳಗಿನ ಚೀಟಿ ಎಚ್ಚರಿಸಿತ್ತು. ಜ್ಯೋತಿ ಪಟ್ಟಿಯನ್ನು ಆರತಿಯಂತೆ ಹಿಡಿದು ಪಡಸಾಲೆಗೆ ಬಂದಳು.

"ನೋಡ್ರೀ, ಗುಲಾಬಿ ಹೌದಲ್ಲೋ?"

ಗುರುಲಿಂಗ ಪಟ್ಟಿ ನೋಡಿದ. ಪತಿ ಮರೆಯಾಗಿ ಪಂಡಿತ ಎಚ್ಚರಗೊಂಡ. "ಗುಲಾಬಿ ಅನ್ನಾಕ ಬರಂಗಿಲ್ಲ. ಇದು ಉಳ್ಳಾಗಡ್ಡಿ ಬಣ್ಣ."

"ಉಳ್ಳಾಗಡ್ಡಿ ಅಂದ್ರ ಗುಲಾಬೀನ ಅಲ್ಲೇನು?"

"ಏ, ಉಳ್ಳಾಗಡ್ಡಿ ಬ್ಯಾರೆ, ಗುಲಾಬಿ ಬ್ಯಾರೆ, ರಾಣಿ ಬಣ್ಣ ಬ್ಯಾರೆ. ಟ್ಯೂಬ್‌ಲೈಟ್‌ನಾಗ ಬಣ್ಣ ಸುಳ್ಳು ಹೇಳತೈತಿ. ಬಿಸಿಲಿಗಿ ನಡಿ."

ಅಂಗಳಕ್ಕೆ ನಡೆದರು. ಗೋಡೆಯಾಚೆಯಿಂದ ನೆರೆಮನೆಯ ಪೆಂಟಮ್ಮ ಕತ್ತು ಚಾಚಿ, "ಅದಿ ವಂಕಾಯ ರಂಗು!" ಎಂದು ತೆಲುಗಿನಲ್ಲಿ ಬದನೆಕಾಯಿ ಬಣ್ಣದ ಪಕ್ಷ ಹಿಡಿದಳು.

"ಬದನೀಕಾಯಿ ಹೆಂಗಾದೀತು ಪೆಂಟಮ್ಮಾ? ಬದನೀಕಾಯಾಗ ನೀಲಿ ಬೆರತಿರತೈತಿ," ಎಂದ ಗುರುಲಿಂಗ, ಗಿರಾಕಿಗೆ ಹೇಳುವ ಧಾಟಿಯಲ್ಲಿ.

ಚನ್ನವೀರಮ್ಮನವರೂ ಹೊರಬಂದರು. "ಎಲ್ಲಾ ಸುಳ್ಳು. ಬಿಸಿಲಿಗಿ ಹಿಡದ್ರ ಏನಾರ ಕೆಂಪಾಗತೈತಿ. ಅದನ್ನ ಉಷ್ಣ ಅಂತಾರ."

ಈ ಸೀರೆ ವ್ಯಾಪಾರ ಮುಗಿಯುವುದರಲ್ಲಿ ಎರಡು ನಿಮಿಷ ಯಾವಾಗಲೋ ದಾಟಿ, ಪಟ್ಟಿಯ ಚೌಕಗಳೆಲ್ಲ ಕಪ್ಪಿಗೆ ತಿರುಗಿದ್ದವು. ಜ್ಯೋತಿ ಒಳಗೆ ಹೋಗಿ ಚಿಲಕ ಹಾಕಿಕೊಂಡು ಇನ್ನೊಂದು ಪಟ್ಟಿ ಅದ್ದಿದಳು. ಈ ಸಲ ಕಿಟಕಿಯ ಬೆಳಕಿನಲ್ಲಿ ತಾನೊಬ್ಬಳೇ ನೋಡಿದಳು. ಗುಲಾಬಿ! ಅಷ್ಟರಲ್ಲಿ ಮೈ ನಡುಗಿ ಚಳಿಯೂ ಹತ್ತಿತು.

ಬಾಗಿಲು ತೆರೆದು ಬಂದವಳೇ ಅಂದಳು, "ಗುಲಾಬಿ ಐತಿ. ಇದಕ್ಕ ಬ್ಯಾರೆ ಹೆಸರಿಟ್ಟವರು ಇವತ್ತ ಅಡಗಿ ಮಾಡಬೇಕು."

ಮಹಾಪಂಡಿತರು ಮತ್ತೆ ಬೈಕಿನ ಕೀಲಿ ಹುಡುಕತೊಡಗಿದರು.

"ದವಾಖಾನಿಗಿ..." ಎಂದು ಅತ್ತೆ ಶುರುಮಾಡಿದರು.

"ಕೇಳಾಕ ಬಂದಿಲ್ರೀ ಅತ್ತೀ. ಹೇಳಾಕ ಬಂದೀನಿ." ಕೂಸನ್ನೆತ್ತಿಕೊಂಡು, ಚಪ್ಪಲಿ ಮೆಟ್ಟಿ, ಬೀದಿಯಲ್ಲಿ ಹೋಗುತ್ತಿದ್ದ ಆಟೋ ನಿಲ್ಲಿಸಿ ಕೂತೇಬಿಟ್ಟಳು. ಕೂಸು ಹಿಡಿಯುವ ನೆಪದಲ್ಲಿ ಚನ್ನವೀರಮ್ಮನವರೂ ಹತ್ತಿದರು. ಗುರುಲಿಂಗ ಬೈಕಿನಲ್ಲಿ ಹಿಂಬಾಲಿಸಿದ.

ಡಾಕ್ಟರಮ್ಮ ಮೂತ್ರವನ್ನು ಲ್ಯಾಬಿಗೆ ಕಳಿಸಿ ನೋಡಿದರು. ಇನ್ಫೆಕ್ಷನ್ನೇ. ಮೊಲೆ ಕುಡಿಯುವ ಕೂಸಿದೆಯೆಂದು ಕೇಳಿ, ಅದಕ್ಕೊಪ್ಪುವ ಗುಳಿಗೆ ಬರೆದರು. "ಪಟ್ಟಿ ಸರಿಯಾಗೇ ಹೇಳೇದ. ಆದ್ರ ಹಿಂಗ ಉರಿ ಇದ್ದಾಗ ಪಟ್ಟಿ ಬಣ್ಣ ತಿರುಗದಿದ್ರೂ ಬರಬೇಕಮ್ಮಾ. ಚಳಿ ಬಂದಮ್ಯಾಲಂತೂ ಕೂಡಬಾರ್ದು."

ಈ ಮಾತಿನಲ್ಲಿ ಚನ್ನವೀರಮ್ಮನವರ ಕಿವಿಗೆ ಬಿದ್ದದ್ದು ಮೊದಲ ಮೂರೇ ಶಬ್ದ. ಮನೆಗೆ ಬಂದವರೇ ಪಟ್ಟಿಯ ಡಬ್ಬಿಗೆ ಕುಂಕುಮ ಹಚ್ಚುವುದೊಂದು ಬಿಟ್ಟು ಉಳಿದ ಎಲ್ಲ ಮರ್ಯಾದೆ ಮಾಡಿದರು. ಪೆಂಟಮ್ಮನನ್ನು ಕರೆದು ತೋರಿಸಿದರು. ಸೊಸೆಗೆ ಬೇಗ ಸಿಗಲೆಂದು ಬಚ್ಚಲಿನ ನೀರೊಲೆಯ ಪಕ್ಕದ ಗೂಡಿನಲ್ಲಿ ಮುಚ್ಚಳ ತೆಗೆದೇ ಇಟ್ಟರು.

ಗುಳಿಗೆ ಮುಗಿದವು, ಉರಿ ಹೋಯಿತು, ಮೈ ಹಗುರಾಯಿತು. ಗೆದ್ದ ಹುಮ್ಮಸ್ಸಿನಲ್ಲಿ ಜ್ಯೋತಿ ಬಿಸಿ ಮಿರ್ಚಿಯ ತಟ್ಟೆಗೆ ಕೈ ಹಾಕಿದ್ದೇ ತಡ, ಅತ್ತೆ ತಟ್ಟೆ ಎಳೆದುಕೊಂಡರು.

"ಪೂರಾ ಆರಾಮ ಆಗೀನ್ರಿ ಅತ್ತೀ!"

"ಬಾಯಿಮಾತು ಬ್ಯಾಡ. ಪಟ್ಟಿ ತೋರಸು."

"ನಾನ ಹೇಳಾಕತ್ತೀನಲ್ರೀ?"

"ನೀ ಹೇಳಿದ್ರ ಏನಾತು? ಡಾಕ್ಟರಮ್ಮ ಪಟ್ಟಿ ಸರಿ ಅಂದಾಳ. ನೀ ಸರಿ ಅಂತ ಆಕಿ ಅಂದಿಲ್ಲ."

ಜ್ಯೋತಿ ಬಚ್ಚಲಿಗೆ ಧಾವಿಸಿದಳು. ಡಬ್ಬಿಯಿಂದ ತೆಗೆದ ಪಟ್ಟಿ ನೀರೊಲೆಯ ಹಬೆ ಕುಡಿದು ಆಗಲೇ ನೇರಳೆಯಾಗಿತ್ತು. ಇನ್ನೊಂದು ತೆಗೆದಳು, ಅದೂ ನೇರಳೆ. ಉಳಿದವೂ ಅಷ್ಟೇ. ಒಣ ಪಟ್ಟಿಗಳನ್ನೇ ಮುಷ್ಟಿಯಲ್ಲಿ ಹಿಡಿದುಕೊಂಡು ಬಂದಳು.

"ನೋಡ್ರಿ ಅತ್ತೀ, ನಾ ಅದ್ದೇ ಇಲ್ಲ! ಬರೇ ಕೈಯಾಗ ಹಿಡಕೊಂಡೀನಿ, ಮೊದಲ ಬಣ್ಣ ತಿರಗ್ಯಾವ!"

ಚನ್ನವೀರಮ್ಮನವರು ಪಟ್ಟಿ ನೋಡಿದರು, ಸೊಸೆಯ ಕೈ ನೋಡಿದರು, ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದರು.

"ಲೇ ಗುರು, ಔಡಲೆಣ್ಣಿ ತಗೊಂಡು ಓಡಿ ಬಾರೋ! ಮುಟ್ಟಿದ್ರನ ಬಣ್ಣ ತಿರಗಾಕತ್ತೈತಿ, ಇಕಿ ಮೈಯಾಗ ಅಷ್ಟು ಉಷ್ಣ ಐತಿ!"